ಹುನ್ನಾರ ಕೆಟ್ಟದ್ದು ಹೇಗೆ

ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ‘ಹುನ್ನಾರ’ದಷ್ಟು ದುಡಿಯುವ ಪದಗಳು ಕಡಿಮೆ. ಶಾಲೆ ಮುಚ್ಚುವ ಹುನ್ನಾರ, ಗೋಮಾಳ ಕಬಳಿಸುವ ಹುನ್ನಾರ, ಸರ್ಕಾರ ಉರುಳಿಸುವ ಹುನ್ನಾರ. ಮೂರೇ ಅಕ್ಷರ, ಎಷ್ಟು ಕಿರಿದಾದ ಕಾಲಂನಲ್ಲೂ ಹಿಡಿಸುತ್ತದೆ. ಓದಿದವರಿಗೆ ತೆರೆಮರೆಯಲ್ಲಿ ಯಾರೋ ಏನೋ ನಡೆಸುತ್ತಿದ್ದಾರೆ ಅನ್ನಿಸಿಬಿಡುತ್ತದೆ. ಯಾರು, ಏನು ಎಂದು ಬರೆದವರು ಹೇಳಬೇಕಾಗಿಯೂ ಇಲ್ಲ. ಇಷ್ಟು ಅಪಕೀರ್ತಿ ಹೊತ್ತ ಪದ ಹುಟ್ಟುವಾಗ ಹೊಗಳಿಕೆಯ ಪದವಾಗಿತ್ತು. ಅದರ ಮೂಲ ಪಾರಸಿಯ ‘ಹುನರ್’. ಅರ್ಥ ಕಲೆ, ಕೌಶಲ, ಕೈಗೆ ಹತ್ತಿದ ವಿದ್ಯೆ. ಲಖನೌದಲ್ಲೂ ಟೆಹರಾನಿನಲ್ಲೂ ಇಂದಿಗೂ ಹೆಚ್ಚುಕಡಿಮೆ ಅದೇ ಅರ್ಥ. ಕನ್ನಡದಲ್ಲಿ ಅದು ಪೂರ್ತಿಯಾಗಿ ಸಂಚಿನ ಕಡೆಗೆ ವಾಲಿತು.

ಯಾಕೆ ವಾಲಿತು? ‘ಕಾಲ ಕೆಟ್ಟಿತು, ಪದವೂ ಕೆಟ್ಟಿತು’ ಎಂದರೆ ಉತ್ತರವಾಗುವುದಿಲ್ಲ. ಅದೇ ದಾರಿಯಲ್ಲಿ, ಅದೇ ಕಾಲದಲ್ಲಿ ಬಂದ ಎಷ್ಟೋ ಪದಗಳು ಕೆಡದೆ ಉಳಿದಿವೆ. ‘ಕಾರ್ಖಾನೆ’ ಕೆಟ್ಟಿಲ್ಲ, ‘ಕಸುಬು’ ಕೆಟ್ಟಿಲ್ಲ, ‘ಸಲಹೆ’ಯಂತೂ ಎಲ್ಲರೂ ಪುಕ್ಕಟೆ ಹಂಚುವ ವಸ್ತುವಾಗಿದೆ. ಹುನ್ನಾರಕ್ಕೆ ಏನಾಯಿತು ಎಂದು ತಿಳಿಯಬೇಕಾದರೆ ಮೊದಲು ಅದು ಇವತ್ತು ವಾಕ್ಯದಲ್ಲಿ ಹೇಗೆ ನಿಲ್ಲುತ್ತದೆ ಎಂದು ನೋಡಬೇಕು. ಆಮೇಲೆ ಊರು, ಆಮೇಲೆ ದಾಯಾದಿಗಳು.

ಮೇಲಿನ ತಲೆಬರಹಗಳನ್ನೇ ಮತ್ತೆ ನೋಡಿ. ಮುಚ್ಚುವ, ಕಬಳಿಸುವ, ಉರುಳಿಸುವ. ಹುನ್ನಾರದ ಹಿಂದೆ ಬರುವ ಕೃದಂತ ಹೆಚ್ಚುಕಡಿಮೆ ಯಾವಾಗಲೂ ‘-ವ’ದಲ್ಲಿ ಮುಗಿಯುತ್ತದೆ. ‘ಗೋಮಾಳ ಕಬಳಿಸಿದ ಹುನ್ನಾರ’ ಎಂದು ಹೇಳಿ ನೋಡಿ, ಕಿವಿ ಒಪ್ಪುವುದಿಲ್ಲ. ಕಬಳಿಸಿ ಆಗಿಹೋದ ಮೇಲೆ ಅದು ಹುನ್ನಾರವಲ್ಲ, ಕಬಳಿಕೆ. ಅಂದರೆ ಈ ಪದದ ಜೀವ ಇರುವುದು ಕೆಲಸ ಆಗುವುದಕ್ಕೆ ಮುಂಚಿನ ಅವಧಿಯಲ್ಲಿ. ಅದರ ಜೊತೆ ಬರುವ ಕ್ರಿಯಾಪದಗಳೂ ಇದನ್ನೇ ಹೇಳುತ್ತವೆ. ಹುನ್ನಾರ ನಡೆಯುತ್ತದೆ, ಅಡಗಿರುತ್ತದೆ, ಬಯಲಾಗುತ್ತದೆ, ವಿಫಲವಾಗುತ್ತದೆ. ‘ಹುನ್ನಾರ ಮುಗಿಯಿತು’ ಎಂದು ಯಾರೂ ಅನ್ನುವುದಿಲ್ಲ.

ಇನ್ನೊಂದು ಗುರುತು ವಿಭಕ್ತಿಯಲ್ಲಿದೆ. ಮೋಸ ಆಗಿಹೋಗಿದೆ ಎಂದು ಹೇಳಲು ಕನ್ನಡದಲ್ಲಿ ಬಣ್ಣಬಣ್ಣದ ನುಡಿಗಟ್ಟುಗಳಿವೆ. ಟೋಪಿ ಹಾಕು, ನಾಮ ಹಾಕು, ಕಿವಿಗೆ ಹೂ ಮುಡಿಸು, ಮಂಕುಬೂದಿ ಎರಚು, ಚಳ್ಳೆಹಣ್ಣು ತಿನ್ನಿಸು. (ಚಳ್ಳೆಹಣ್ಣಿನ ತಿರುಳು ಲೋಳೆಲೋಳೆ, ಅಂಟು ಅಂಟು. ಬಾಯಿಗೆ ಹಾಕಿಕೊಂಡವನು ಅಂಟು ಬಿಡಿಸಿಕೊಳ್ಳುವಷ್ಟರಲ್ಲಿ ತಿನ್ನಿಸಿದವನು ಊರು ದಾಟಿರುತ್ತಾನೆ. ‘ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ’ ಎಂಬ ಸುದ್ದಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದು ಕಷ್ಟ.) ಇವೆಲ್ಲಕ್ಕೂ ಚತುರ್ಥಿ ಬೇಕು: ಅವನಿಗೆ ಟೋಪಿ ಹಾಕಿದರು, ನಮಗೆ ನಾಮ ಹಾಕಿದರು. ಮೋಸಹೋದವನು ವಾಕ್ಯದೊಳಗೇ ಇರುತ್ತಾನೆ. ಹುನ್ನಾರಕ್ಕೆ ಚತುರ್ಥಿ ಕೂಡುವುದಿಲ್ಲ. ‘ನನಗೆ ಹುನ್ನಾರ ಮಾಡಿದ’ ತಪ್ಪು. ‘ನನ್ನ ವಿರುದ್ಧ ಹುನ್ನಾರ ಮಾಡಿದ’ ಸರಿ. ಏಟು ಇನ್ನೂ ಬಿದ್ದಿಲ್ಲವಲ್ಲ, ಹಾಗಾಗಿ ತಿಂದವನೂ ಇಲ್ಲ. ಗುರಿ ಮಾತ್ರ ಇದೆ.

ಹುನ್ನಾರದ ಜೊತೆ ತುಂಬ ಸಹಜವಾಗಿ ಬರುವ ಕ್ರಿಯಾಪದ ‘ಹೂಡು’. ಇದು ಅಚ್ಚಗನ್ನಡದ್ದು, ಇದರ ಸಂಸಾರ ದೊಡ್ಡದು. ನೇಗಿಲಿಗೆ ಎತ್ತು ಹೂಡುತ್ತಾರೆ. ಬಿಲ್ಲಿಗೆ ಬಾಣ ಹೂಡುತ್ತಾರೆ. ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಬಿಡಾರ ಹೂಡುತ್ತಾರೆ, ಸಂಸಾರ ಹೂಡುತ್ತಾರೆ, ಕೋರ್ಟಿನಲ್ಲಿ ದಾವೆ ಹೂಡುತ್ತಾರೆ, ವ್ಯಾಪಾರದಲ್ಲಿ ಬಂಡವಾಳ ಹೂಡುತ್ತಾರೆ. ಇಲ್ಲೆಲ್ಲ ಒಂದೇ ಕೆಲಸ ನಡೆಯುತ್ತಿದೆ. ಬಿಡಿಬಿಡಿಯಾಗಿದ್ದುದನ್ನು ಜೋಡಿಸಿ, ಬಿಗಿದು, ಮುಂದಿನ ಕೆಲಸಕ್ಕೆ ಅಣಿಮಾಡುವುದು. ಹೂಡಿದ ಬಾಣ ಇನ್ನೂ ಬಿಟ್ಟಿಲ್ಲ, ಹೂಡಿದ ಒಲೆ ಇನ್ನೂ ಹತ್ತಿಲ್ಲ. ಇದರಿಂದಲೇ ಹುಟ್ಟಿದ ‘ಹೂಟ’ ಎಂಬ ನಾಮಪದಕ್ಕೆ ಕನ್ನಡದಲ್ಲಿ ತಂತ್ರ, ಸಂಚು ಎಂಬ ಅರ್ಥ ಮೊದಲಿನಿಂದ ಇದೆ. ಪಾರಸಿಯ ಅತಿಥಿ ಬಂದಾಗ ಸರಿಹೊಂದುವ ಕ್ರಿಯಾಪದ ಇಲ್ಲಿ ತಯಾರಾಗಿ ನಿಂತಿತ್ತು. ಪದಕ್ಕೆ ಅರ್ಥ ಬರುವುದು ಅದರ ಹೊಟ್ಟೆಯೊಳಗಿಂದ ಮಾತ್ರವಲ್ಲ, ಪಕ್ಕದಲ್ಲಿ ಕೂತವರಿಂದಲೂ ಹೌದು.

ಈಗ ಊರಿನ ಮಾತು. ‘ಹುನರ್’ ಬಹಳ ಹಳೆಯ ಇರಾನಿ ಪದ. ಬಿಡಿಸಿದರೆ ‘ಹು’ ಮತ್ತು ‘ನರ್’. ಸಂಸ್ಕೃತದ ‘ಸ’ಕಾರ ಇರಾನಿ ಭಾಷೆಗಳಲ್ಲಿ ‘ಹ’ಕಾರವಾಗಿ ಕಾಣುತ್ತದೆ. ಸಿಂಧು ಅಲ್ಲಿ ಹಿಂದು, ಸಪ್ತ ಅಲ್ಲಿ ಹಫ್ತ. (ಆ ಹಫ್ತದಿಂದ ಏಳು ದಿನದ ವಾರ, ವಾರದಿಂದ ವಾರವಾರ ಕಟ್ಟುವ ಕಂತು, ಆಮೇಲೆ ರೌಡಿಗೆ ಕೊಡುವ ‘ಹಫ್ತಾ’. ಇದೂ ಒಂದು ಪತನದ ಕಥೆಯೇ, ಆದರೆ ಇವತ್ತಿನದಲ್ಲ.) ಹಾಗೆಯೇ ಸಂಸ್ಕೃತದ ‘ಸು’ ಅಲ್ಲಿ ‘ಹು’. ‘ನರ್’ ನಮ್ಮ ನರನೇ, ಗಂಡಸು. ಸು-ನರ, ಹು-ನರ: ಒಳ್ಳೆಯ ಗಂಡಸುತನ, ಸಾಮರ್ಥ್ಯ. ಜರತುಷ್ಟ್ರ ಧರ್ಮದ ಗ್ರಂಥವಾದ ಅವೆಸ್ತಾದಲ್ಲಿ ‘ಹುನರ’ ಇದೆ. ವೇದದಲ್ಲಿ ಇದರ ಸೋದರಿ ‘ಸೂನರ’ ಇದೆ. ಋಗ್ವೇದ ಉಷಸ್ಸನ್ನು ‘ಸೂನರೀ’ ಎಂದು ಕರೆಯುತ್ತದೆ. ಅಲ್ಲಿ ಅದಕ್ಕೆ ಚೆಲುವಿನ, ಲವಲವಿಕೆಯ ಅರ್ಥ.

ಇರಾನಿನ ನಕ್ಷ್-ಇ-ರುಸ್ತುಮ್ ಬಂಡೆಯಲ್ಲಿ ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಚಕ್ರವರ್ತಿ ದಾರಯವಹುವಿನ (ಒಂದನೆಯ ಡೇರಿಯಸ್) ಸಮಾಧಿ ಇದೆ. ಅದರ ಮೇಲೆ ಕೆತ್ತಿದ ಶಾಸನದಲ್ಲಿ ಅವನು ತಾನು ಒಳ್ಳೆಯ ಸವಾರ, ಒಳ್ಳೆಯ ಬಿಲ್ಲುಗಾರ, ಒಳ್ಳೆಯ ಭರ್ಜಿಗಾರ ಎಂದು ಹೇಳಿಕೊಂಡು, ಅಹುರಮಜ್ದ ದೇವರು ತನಗೆ ದಯಪಾಲಿಸಿದ ಸಾಮರ್ಥ್ಯಗಳಿವು ಎನ್ನುತ್ತಾನೆ. ಸಾಮರ್ಥ್ಯಕ್ಕೆ ಅಲ್ಲಿ ಬಳಕೆಯಾಗಿರುವುದು ಹಳೆಯ ಪಾರಸಿಯಲ್ಲಿ ಇದೇ ಪದದ ರೂಪ. ಎರಡೂವರೆ ಸಾವಿರ ವರ್ಷದ ಹಿಂದೆ ಒಬ್ಬ ರಾಜ ತನ್ನ ‘ಹುನ್ನಾರ’ಗಳನ್ನು ತಾನೇ ಕಲ್ಲಿನಲ್ಲಿ ಕೆತ್ತಿಸಿ ಹೆಮ್ಮೆಪಟ್ಟಿದ್ದಾನೆ. ನಮ್ಮ ಕಾಲದ ಯಾವ ರಾಜಕಾರಣಿಯೂ ಮಾಡದ ಕೆಲಸ.

ಅಲ್ಲಿಂದ ಕನ್ನಡಕ್ಕೆ ಬಂದ ದಾರಿ ಆಡಳಿತದ ದಾರಿ. 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳು, ಆಮೇಲೆ 1686ರವರೆಗೆ ವಿಜಯಪುರದ ಆದಿಲ್‌ಶಾಹಿಗಳು, ಅವರ ಹಿಂದೆಯೇ ಮೊಗಲರು, 1818ರವರೆಗೆ ಉತ್ತರ ಭಾಗದಲ್ಲಿ ಪೇಶ್ವೆಗಳು, ದಕ್ಷಿಣದಲ್ಲಿ 1799ರವರೆಗೆ ಹೈದರ್ ಮತ್ತು ಟಿಪ್ಪು. ಕಚೇರಿ, ದಫ್ತರು, ಅರ್ಜಿ, ಜಾಮೀನು, ವಕೀಲ, ತಹಸೀಲ್ದಾರ ಎಲ್ಲ ಬಂದದ್ದು ಹೀಗೆಯೇ. ಹುನ್ನಾರ ನೇರ ಪಾರಸಿಯಿಂದ ಇಳಿಯಿತೋ, ನಡುವೆ ಎಲ್ಲಾದರೂ ತಂಗಿತೋ ಎಂಬುದಕ್ಕೆ ಪದದ ಮೈಮೇಲೇ ಒಂದು ಗುರುತಿದೆ. ಪಾರಸಿಯಲ್ಲೂ ಹಿಂದಿ-ಉರ್ದುವಿನಲ್ಲೂ ‘ನ’ ಒಂಟಿ. ಮರಾಠಿಯಲ್ಲಿ ಜೋಡಿ: ‘ಹುನ್ನರ್’. ಗುಜರಾತಿಯಲ್ಲೂ ಜೋಡಿ, ಅಲ್ಲಿ ‘ಹುನ್ನರ್ ಉದ್ಯೋಗ್’ ಅಂದರೆ ಅಪ್ಪಟ ಕೈಗಾರಿಕೆ. ಮರಾಠಿಯ ಹುನ್ನರಕ್ಕೆ ಕೌಶಲದ ಅರ್ಥದ ಜೊತೆಗೆ ಯುಕ್ತಿ, ಹೂಟ ಎಂಬ ಅರ್ಥವೂ ಅಂಟಿದೆ. ಕನ್ನಡದ ಪದ ಜೋಡಿ ‘ನ’ಕಾರವನ್ನೂ ಯುಕ್ತಿಯ ನೆರಳನ್ನೂ ಹೊತ್ತೇ ಬಂದಿರುವುದರಿಂದ, ಅದು ಮರಾಠಿಯ ಹಿತ್ತಿಲಿನಲ್ಲಿ ಹಾದು ಬಂತೆಂಬುದು ನನ್ನ ಎಣಿಕೆ. ಕೊನೆಯ ‘ಆರ’ ದೀರ್ಘವಾದದ್ದು ಇಲ್ಲಿ. ವಿಚಾರ, ವ್ಯವಹಾರ, ಸಂಚಾರ, ಅಧಿಕಾರಗಳ ಅಚ್ಚಿಗೆ ಒಗ್ಗಿದ ಕಿವಿಗೆ ‘ಹುನ್ನರ’ಕ್ಕಿಂತ ‘ಹುನ್ನಾರ’ ಹತ್ತಿರ.

ಪದದ ಮೂಲ ಹುಡುಕುವಾಗ ಎಲ್ಲರೂ ಜಾರುವ ಒಂದು ಜಾಗ ಇದೆ, ಈ ಪದದಲ್ಲಿ ಅದು ತುಂಬ ನುಣುಪಾಗಿದೆ. ಹಳೆಯ ಮೈಸೂರು ಸೀಮೆಯಲ್ಲಿ ಯುಗಾದಿಯ ಹೊತ್ತಿಗೆ ವರ್ಷದ ಮೊದಲ ಉಳುಮೆಯ ಶಾಸ್ತ್ರ ನಡೆಯುತ್ತದೆ. ಅದು ‘ಹೊನ್ನಾರು’, ಹೊನ್ನಿನ ಆರು (ಆರು ಅಂದರೆ ಎತ್ತು ಹೂಡಿದ ನೇಗಿಲು). ಎತ್ತುಗಳಿಗೆ ಪೂಜೆಮಾಡಿ ‘ಹೊನ್ನಾರು ಹೂಡುತ್ತಾರೆ’. ಹೊನ್ನಾರು ಹೂಡು, ಹುನ್ನಾರ ಹೂಡು: ಇಷ್ಟು ಹೋಲಿಕೆ ಕಂಡ ಕೂಡಲೇ ‘ಆಹಾ, ಸಿಕ್ಕಿತು ಮೂಲ’ ಎನ್ನುವ ಆಸೆ ಹುಟ್ಟುತ್ತದೆ. ಮೂರು ಪರೀಕ್ಷೆಗಳಲ್ಲಿ ಈ ಆಸೆ ಬಿದ್ದುಹೋಗುತ್ತದೆ. ಒಂದು, ಅರ್ಥದ ಸೇತುವೆ ಇಲ್ಲ. ಹೊನ್ನಾರು ಊರೆಲ್ಲ ಸೇರಿ ಬಟಾಬಯಲಿನಲ್ಲಿ ಮಾಡುವ ಶುಭಕಾರ್ಯ. ಹುನ್ನಾರಕ್ಕೆ ಗುಟ್ಟೇ ಉಸಿರು. ಎರಡು, ಹ-ಕಾರದ ಪರೀಕ್ಷೆ. ಹೊಸಗನ್ನಡದಲ್ಲಿ ‘ಹ’ದಿಂದ ಶುರುವಾಗುವ ಅಚ್ಚಗನ್ನಡ ಪದಗಳಿಗೆ ಹಳಗನ್ನಡದಲ್ಲಿ ಸಾಮಾನ್ಯವಾಗಿ ‘ಪ’ ಇರುತ್ತದೆ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪೊನ್ ಹೊನ್ನಾಯಿತು, ಪೂಡು ಹೂಡು ಆಯಿತು. ಹುನ್ನಾರಕ್ಕೆ ‘ಪುನ್ನಾರ’ ಎಂಬ ಹಳೆಯ ರೂಪ ಇಲ್ಲ. ಅದು ಬಂದದ್ದೇ ‘ಹ’ಕಾರ ಹೊತ್ತು. ಮೂರು, ನೆರೆಮನೆಯ ಸಾಕ್ಷಿ. ಹೊನ್ನೂ ಇಲ್ಲದ, ಆರೂ ಇಲ್ಲದ ಗುಜರಾತಿಯಲ್ಲಿ ಹುನ್ನರ್ ಏಕಿದೆ ಎಂಬುದಕ್ಕೆ ಹೊನ್ನಾರಿನ ವಾದ ಉತ್ತರ ಕೊಡಲಾರದು. ಯಾವ ಪದದ ಮೂಲವನ್ನು ಹೇಳಹೊರಟರೂ ಅರ್ಥ, ಧ್ವನಿ, ನೆರೆಭಾಷೆ ಈ ಮೂರನ್ನೂ ದಾಟಿಸಬೇಕು. ಎರಡು ದಾಟಿ ಮೂರನೆಯದರಲ್ಲಿ ಮುಗ್ಗರಿಸಿದರೂ ಅದು ಮೂಲವಲ್ಲ, ಬರೀ ಪ್ರಾಸ.

ಇನ್ನು ದಾಯಾದಿಗಳು. ಹುನ್ನಾರ ಒಂದೇ ಕೆಟ್ಟಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಅದೇ ದಾರಿಯಲ್ಲಿ ಬಂದ ಒಂದು ಗುಂಪೇ ಕೆಟ್ಟಿದೆ.

‘ಹಿಕ್ಮತ್ತು’ ಅರಬ್ಬಿಯ ‘ಹಿಕ್ಮತ್’. ಅಲ್ಲಿ ಅದಕ್ಕೆ ವಿವೇಕ, ಜ್ಞಾನ, ತತ್ತ್ವಶಾಸ್ತ್ರ ಎಂಬ ಅರ್ಥ. ಹ-ಕ-ಮ ಎಂಬ ಮೂರು ವ್ಯಂಜನಗಳ ಬೇರಿನಿಂದ ಹುಟ್ಟಿದ್ದು. ಇದೇ ಬೇರಿನ ಮಕ್ಕಳು ಕನ್ನಡದಲ್ಲಿ ಇನ್ನೂ ಇದ್ದಾರೆ: ಅಪ್ಪಣೆ ಎಂಬ ಅರ್ಥದ ಹುಕುಂ, ವೈದ್ಯ ಎಂಬ ಅರ್ಥದ ಹಕೀಮ, ಆಳ್ವಿಕೆಯ ಹುಕುಮತ್ತು. ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನು ಉಳುವ ‘ಬಗರ್‌ಹುಕುಂ’ ಸಾಗುವಳಿಯ ಹೆಸರೂ ಅದರದೇ. ಅಣ್ಣತಮ್ಮಂದಿರೆಲ್ಲ ಗೌರವದಿಂದ ಬಾಳುತ್ತಿರುವಾಗ ವಿವೇಕ ಎಂಬ ಅರ್ಥ ಹೊತ್ತವನೇ ಕೆಟ್ಟ.

‘ಮಸಲತ್ತಿನ’ ಕಥೆ ಇನ್ನೂ ವಿಚಿತ್ರ. ಅರಬ್ಬಿಯ ‘ಮಸ್ಲಹತ್’ ಅಂದರೆ ಹಿತ, ಒಳಿತು. ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಅದು ಸಾರ್ವಜನಿಕ ಹಿತಕ್ಕೆ ಬಳಸುವ ಪಾರಿಭಾಷಿಕ ಪದ. ಒಳಿತನ್ನು ಕುರಿತು ಕೂತು ಮಾಡುವ ಸಮಾಲೋಚನೆಗೂ ಅದೇ ಹೆಸರು ಬಂತು. ಕನ್ನಡಕ್ಕೆ ಬರುವಾಗ ಒಳಿತು ದಾರಿಯಲ್ಲೇ ಉದುರಿ, ಕೂತು ಪಿಸುಗುಟ್ಟುವುದಷ್ಟೇ ಉಳಿಯಿತು. ಇದರ ಬೇರಿನಿಂದಲೇ ಬಂದ ಇನ್ನೊಂದು ಪದ ‘ಸಲಹೆ’. ಎದುರಿಗೆ ಕೊಟ್ಟರೆ ಸಲಹೆ, ಬಾಗಿಲು ಹಾಕಿಕೊಂಡು ಕೊಟ್ಟರೆ ಮಸಲತ್ತು.

‘ಕಾರಸ್ತಾನ’ ಪಾರಸಿಯದು. ‘ಕಾರ್’ ಅಂದರೆ ಕೆಲಸ. ಅದರಿಂದ ಕೆಲಸದ ಮನೆ ಕಾರ್ಖಾನೆ, ಕೆಲಸ ಮಾಡುವವನು ಕಾರಕೂನ, ಕೆಲಸಕಾರ್ಯಗಳ ಆಡಳಿತ ಕಾರುಬಾರು. ಕಾರಸ್ತಾನಕ್ಕೂ ಮೂಲದಲ್ಲಿ ಕೆಲಸದ ತಾಣ ಎಂಬ ಅರ್ಥವೇ. ಇದನ್ನು ‘ಕಾರಸ್ಥಾನ’ ಎಂದು ಮಹಾಪ್ರಾಣ ಕೊಟ್ಟು ಬರೆಯುವವರೂ ಇದ್ದಾರೆ. ಪದ ಸಂಸ್ಕೃತದ್ದೆಂದು ಭ್ರಮಿಸಿ ಮಾಡುವ ತಿದ್ದುಪಡಿ ಅದು. ತಮಾಷೆಯೆಂದರೆ ಪಾರಸಿಯ ‘ಸ್ತಾನ್’ ಮತ್ತು ಸಂಸ್ಕೃತದ ‘ಸ್ಥಾನ’ ನಿಜವಾಗಿಯೂ ಒಂದೇ ಧಾತುವಿನವು. ಹಾಗಾಗಿ ತಪ್ಪು ಕಾರಣಕ್ಕೆ ಸರಿಯಾದ ನೆಂಟಸ್ತಿಕೆ ಸಿಕ್ಕಿದೆ.

‘ಕರಾಮತ್ತು’ ಸೂಫಿ ಸಂತರ ಪವಾಡ. ಕನ್ನಡದಲ್ಲಿ ‘ಇದೆಲ್ಲ ಅವನದೇ ಕರಾಮತ್ತು’ ಎಂದರೆ ಸಂತನ ಸುಳಿವೂ ಇಲ್ಲ. ‘ಚಾಲಾಕಿ’ ಮೂಲದಲ್ಲಿ ಚುರುಕು. ಐಶ್ವರ್ಯ, ರಾಜ್ಯ ಎಂಬ ಅರ್ಥದ ದೌಲತ್ ಇಲ್ಲಿ ‘ದೌಲತ್ತು’ ಆಗಿ ದರ್ಪವಾಯಿತು. ‘ಪಿತೂರಿ’ಯನ್ನು ಈ ಸಾಲಿಗೆ ಸೇರಿಸಲು ಮನಸ್ಸಾಗುತ್ತದೆ, ಆದರೆ ಸೇರದು. ಅದರ ಮೂಲವಾದ ‘ಫುತೂರ್’ ಅಲ್ಲಿಯೇ ಸಡಿಲಿಕೆ, ಕುಂದು ಎಂಬ ಅರ್ಥದ್ದು. ಎತ್ತರದಲ್ಲಿ ಇದ್ದರಲ್ಲವೇ ಬೀಳುವುದು.

ಅರಬ್ಬಿ ಪದಗಳ ಕೊನೆಯ ‘-ಅತ್’ ಕನ್ನಡದಲ್ಲಿ ‘-ಅತ್ತು’ ಆಗುವುದನ್ನು ಗಮನಿಸಿರಬಹುದು: ತಾಕತ್ತು, ಕಸರತ್ತು, ಮಸಲತ್ತು, ಹಿಕ್ಮತ್ತು, ಕರಾಮತ್ತು, ದೌಲತ್ತು. ಹೊಸಗನ್ನಡ ವ್ಯಂಜನಾಂತ್ಯವನ್ನು ಸಹಿಸುವುದಿಲ್ಲ. ‘ತ’ವನ್ನು ಇಮ್ಮಡಿಸಿ ‘ಉ’ ಹಚ್ಚುತ್ತದೆ. ಹಾಗೆ ಹಚ್ಚಿದಾಗ ಪದಕ್ಕೆ ಒಂದು ಠೀವಿ, ಜೊತೆಗೆ ಒಂದು ಕುಹಕ ಬರುತ್ತದೆ. ಬಾಯಿತುಂಬ ಹೇಳುವಂಥ ಈ ‘ತ್ತು’ ವ್ಯಂಗ್ಯಕ್ಕೆ ಹೇಳಿ ಮಾಡಿಸಿದ್ದು.

ಇಲ್ಲಿಗೆ ನಿಲ್ಲಿಸಿದರೆ ಒಂದು ಸುಲಭದ ತೀರ್ಮಾನ ಕೈಗೆ ಸಿಗುತ್ತದೆ: ಹೊರಗಿನವರ ಪದ, ಆಳುವವರ ಪದ, ಅದಕ್ಕೇ ಜನ ಅದನ್ನು ಸಂಶಯದಿಂದ ಕಂಡರು. ಇದರಲ್ಲಿ ಸ್ವಲ್ಪ ನಿಜ ಇದೆ. ಕಚೇರಿಯ ಒಳಗೆ ಮಸ್ಲಹತ್ ನಡೆದರೆ ಹೊರಗೆ ಕೂತ ರೈತನಿಗೆ ಅದರಿಂದ ತಿಳಿಯುತ್ತಿದ್ದದ್ದು ಕಂದಾಯದ ಏರಿಕೆ ಮಾತ್ರ. ಆದರೆ ಈ ವಿವರಣೆ ಪೂರ್ತಿ ನಿಲ್ಲುವುದಿಲ್ಲ, ಏಕೆಂದರೆ ಪಾರಸಿ ಬರುವುದಕ್ಕೆ ಎಷ್ಟೋ ಮುಂಚೆ ಸಂಸ್ಕೃತದಿಂದ ಬಂದ ಒಂದು ಪದಕ್ಕೂ ಇದೇ ಗತಿಯಾಗಿದೆ. ಅದು ‘ಬಿನ್ನಾಣ’.

ಬಿನ್ನಾಣ ‘ವಿಜ್ಞಾನ’ದ ತದ್ಭವ. ವಿ ಬಿ ಆಗುತ್ತದೆ, ಜ್ಞ ನ್ನ ಆಗುತ್ತದೆ. ವಿಜ್ಞಾಪನೆ ಬಿನ್ನಪವಾದದ್ದು, ಸಂಜ್ಞೆ ಸನ್ನೆಯಾದದ್ದು, ಯಜ್ಞ ಜನ್ನವಾದದ್ದು ಇದೇ ನಿಯಮಗಳಿಂದ. ಇಂಥ ನಿಯಮಗಳನ್ನು ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ತನ್ನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಒಪ್ಪವಾಗಿ ಇಟ್ಟಿದ್ದಾನೆ. ಹಳೆಯ ಕಾವ್ಯಗಳಲ್ಲಿ ಬಿನ್ನಣ, ಬಿನ್ನಾಣ ಎಂದರೆ ಕುಶಲತೆ, ನೈಪುಣ್ಯ. ಬಿನ್ನಣಿ ಎಂದರೆ ನುರಿತ ಕುಶಲಕರ್ಮಿ. ಇವತ್ತು? ‘ಬಿನ್ನಾಣದ ಮಾತು’, ‘ಬಿನ್ನಾಣಗಿತ್ತಿ’. ವೈಯಾರ, ತೋರಿಕೆ, ಮರುಳುಮಾಡುವ ನಯ. ಹುನರ್ ಹುನ್ನಾರವಾದಂತೆಯೇ ವಿಜ್ಞಾನ ಬಿನ್ನಾಣವಾಯಿತು. ಇಲ್ಲಿ ಪರಕೀಯ ಆಡಳಿತವನ್ನು ದೂರುವಂತಿಲ್ಲ.

ನನಗೆ ಒಪ್ಪಿಗೆಯಾಗುವ ಕಾರಣ ಬೇರೆ. ಅದು ಆಸನದ ಪ್ರಶ್ನೆ. ಭಾಷೆಯಲ್ಲಿ ಒಂದು ಅರ್ಥಕ್ಕೆ ಮೊದಲೇ ಯಾರೋ ಭದ್ರವಾಗಿ ಕೂತಿದ್ದರೆ, ಅದೇ ಅರ್ಥ ಹೊತ್ತು ಆಮೇಲೆ ಬಂದವನು ಖಾಲಿ ಇರುವ ಕಡೆಗೆ ಸರಿಯಬೇಕು. ಹುನರ್ ಬಂದಾಗ ಕನ್ನಡದಲ್ಲಿ ಕೌಶಲದ ಮಣೆಗಳೆಲ್ಲ ಭರ್ತಿಯಾಗಿದ್ದವು: ಕಲೆ, ಕುಶಲತೆ, ಜಾಣ್ಮೆ, ಚಾತುರ್ಯ, ಕೈಚಳಕ. ಹೊಸಬನಿಗೆ ಸಿಕ್ಕದ್ದು ಜಾಣ್ಮೆಗೂ ಮೋಸಕ್ಕೂ ನಡುವಿನ ಕಿರಿದಾದ ಜಾಗ. ಹಿಂದಿಯಲ್ಲಿ ಹುನರ್ ಕುಶಲಕರ್ಮಿಗಳ ಬಾಯಲ್ಲೇ ದಿನಬಳಕೆಯಾಗಿ ಉಳಿಯಿತು, ಅದರ ಆಸನ ಅಲ್ಲಾಡಲಿಲ್ಲ. ಬಿನ್ನಾಣಕ್ಕೆ ಆದದ್ದೂ ಹೀಗೆಯೇ, ಸ್ವಲ್ಪ ತಿರುಗಿಸಿ. ಅದರ ತತ್ಸಮವಾದ ವಿಜ್ಞಾನ ಗ್ರಂಥಭಾಷೆಯಲ್ಲಿ ಗಟ್ಟಿಯಾಗಿ ನಿಂತಾಗ ತದ್ಭವಕ್ಕೆ ವಿದ್ಯೆಯ ಕಡೆ ಕೆಲಸವಿಲ್ಲವಾಯಿತು, ವೈಯಾರದ ಕಡೆ ಜಾರಿತು.

ಹಾಗಾದರೆ ‘ಕಸುಬು’ ಹೇಗೆ ಉಳಿಯಿತು? ಅದು ಗಳಿಕೆ ಎಂಬ ಅರ್ಥದ ಅರಬ್ಬಿ ‘ಕಸ್ಬ್’. ಕಮ್ಮಾರನ ಕಸುಬು, ಬಡಗಿಯ ಕಸುಬು ಎಂಬಲ್ಲಿ ಒಂದು ಕುಲುಮೆ, ಒಂದು ಉಳಿ, ಕಣ್ಣಿಗೆ ಕಾಣುವ ಒಂದು ವಸ್ತು ಇದೆ. ಹುನರ್, ಹಿಕ್ಮತ್, ಮಸ್ಲಹತ್ ಇವು ತಲೆಯೊಳಗೆ ಅಥವಾ ಮುಚ್ಚಿದ ಬಾಗಿಲ ಹಿಂದೆ ನಡೆಯುವಂಥವು. ಕಾಣದ ಜಾಣತನವನ್ನು ನೋಡುವವರು ಒಳ್ಳೆಯದೆಂದು ಊಹಿಸುವುದು ಕಡಿಮೆ. ಅಚ್ಚುಮೆಚ್ಚಿನ ‘ಜಾಣ’ನ ವಿಷಯದಲ್ಲೂ ನೋಡಿ. ಒಂಟಿಯಾಗಿದ್ದಾಗ ಅದು ಹೊಗಳಿಕೆ. ‘ಅತಿಜಾಣ’, ‘ಜಾಣಕುರುಡು’, ‘ಜಾಣಕಿವುಡು’, ‘ಜಾಣಮರೆವು’ ಎಂದು ಸಮಾಸ ಮಾಡಿದ ಕೂಡಲೇ ಆ ಜಾಣತನ ಅಡಗಿ ಕೂತಿದೆ ಎಂದಾಗುತ್ತದೆ, ಅಷ್ಟಕ್ಕೇ ಹೊಗಳಿಕೆ ಬಿದ್ದುಹೋಗುತ್ತದೆ.

ಇಷ್ಟೂ ಪದಗಳು ಸುಮಾರಾಗಿ ಒಂದೇ ಅರ್ಥದವು ಎಂದುಕೊಂಡು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುವುದು ಬರವಣಿಗೆಯಲ್ಲಿ ಬಲು ಸಾಮಾನ್ಯವಾದ ತಪ್ಪು. ಅವುಗಳ ನಡುವಿನ ಗೆರೆ ಸಾಕಷ್ಟು ಸ್ಪಷ್ಟವಾಗಿದೆ. ಊರಿನ ಗೋಮಾಳವೊಂದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒಬ್ಬನಿಗೆ ಅದರ ಮೇಲೆ ಕಣ್ಣು ಬಿತ್ತು, ಸಮಯ ಕಾಯುತ್ತಿದ್ದಾನೆ. ಇದು ಹೊಂಚು, ಇದಕ್ಕೆ ಜೊತೆಗಾರರು ಬೇಡ. ಅವನು ಇಬ್ಬರನ್ನು ಕರೆದು ರಾತ್ರಿ ಜಗುಲಿಯ ಮೇಲೆ ಕೂತು ಮಾತಾಡಿದ. ಇದು ಮಸಲತ್ತು, ಕನಿಷ್ಠ ಇಬ್ಬರು ಬೇಕು, ದನಿ ತಗ್ಗಿರಬೇಕು. ಯಾರನ್ನು ಹಿಡಿಯಬೇಕು, ಯಾವ ಕಾಗದ ಹುಟ್ಟಿಸಬೇಕು ಎಂದು ಗೊತ್ತುಮಾಡಿ ಕೆಲಸ ಶುರುವಾಯಿತು. ಇದು ಹುನ್ನಾರ, ಇಲ್ಲಿ ಗುರಿಯೂ ಇದೆ, ಅಣಿಯೂ ಆಗಿದೆ. ಪಹಣಿಯ 9ನೇ ಕಾಲಂನಲ್ಲಿ ‘ಸರ್ಕಾರಿ ಗೋಮಾಳ’ ಎಂದಿದ್ದುದು ಹೇಗೋ ಬದಲಾಗುವಂತೆ ಮಾಡಿದ ಆ 'ಹೇಗೋ' ಇದೆಯಲ್ಲ, ಅದು ಹಿಕ್ಮತ್ತು. ಬೆಳಗಾಗೆದ್ದು ಬೇಲಿ ಕಂಡ ಊರವರು ‘ಇದು ಯಾರ ಕಾರಸ್ತಾನ?’ ಎನ್ನುತ್ತಾರೆ. ಕಾರಸ್ತಾನ ಯಾವಾಗಲೂ ಹಿಂತಿರುಗಿ ನೋಡುವ ಪದ; ಕೆಲಸ ಕಣ್ಣೆದುರು ಇದೆ, ಮಾಡಿದವನನ್ನು ಹುಡುಕಬೇಕು. ಅದೇ ಜಾಗವನ್ನು ನಾಳೆ ಯಾರಿಗೋ ನಿವೇಶನವೆಂದು ಮಾರಿದರೆ, ಕೊಂಡವನಿಗೆ ಟೋಪಿ.

ಪೊಲೀಸ್ ಠಾಣೆಯ ದೂರಿನಲ್ಲಿ ಈ ಯಾವ ಪದವೂ ಕಾಣುವುದಿಲ್ಲ. ಕಾನೂನಿನ ಕನ್ನಡದಲ್ಲಿ ಇರುವುದು ‘ಒಳಸಂಚು’. ಭಾರತೀಯ ದಂಡ ಸಂಹಿತೆಯಲ್ಲಿ 120-ಬಿ ಆಗಿದ್ದದ್ದು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ 61ನೇ ಸೆಕ್ಷನ್. ಅದಕ್ಕೆ ಇಬ್ಬರು ಅಥವಾ ಹೆಚ್ಚು ಜನ ಒಪ್ಪಂದ ಮಾಡಿಕೊಂಡಿರಬೇಕು, ಆ ಒಪ್ಪಂದವನ್ನು ಸಾಬೀತುಪಡಿಸಬೇಕು. ಹುನ್ನಾರಕ್ಕೆ ಇಬ್ಬರೂ ಬೇಕಾಗಿಲ್ಲ, ಸಾಬೀತೂ ಬೇಕಾಗಿಲ್ಲ. ಸುದ್ದಿಮನೆಗೆ ಅದು ಇಷ್ಟವಾಗುವುದು ಇದಕ್ಕೇ. ‘ಒಳಸಂಚು’ ಎಂದು ಬರೆದರೆ ನಾಳೆ ವಕೀಲರ ನೋಟಿಸು ಬರಬಹುದು, ‘ಹುನ್ನಾರ’ ಎಂದರೆ ಅಭಿಪ್ರಾಯವಾಗಿ ಉಳಿಯುತ್ತದೆ. ದಿನಕ್ಕೆ ಮೂರು ಹುನ್ನಾರ ಬಯಲಾದರೆ ಓದುಗನೂ ಅದನ್ನು ಅಷ್ಟರಲ್ಲೇ ಇಡುತ್ತಾನೆ. ಯಾರು ಹೂಡಿದರು, ಯಾವುದಕ್ಕೆ ಹೂಡಿದರು ಎಂಬೆರಡು ವಿವರ ಪಕ್ಕದಲ್ಲಿ ಇದ್ದರೆ ಪದಕ್ಕೆ ತೂಕ ಬರುತ್ತದೆ, ಇಲ್ಲದಿದ್ದರೆ ಅದು ಬರೀ ಹುಬ್ಬು ಹಾರಿಸುವುದು.

ಹಿಕ್ಮತ್ತಿನ ಪರವಾಗಿ ಒಂದು ಮಾತು ಹೇಳಬೇಕು. ಈ ಗುಂಪಿನಲ್ಲಿ ಹಳೆಯ ಮರ್ಯಾದೆಯನ್ನು ಸ್ವಲ್ಪವಾದರೂ ಉಳಿಸಿಕೊಂಡದ್ದು ಅದೊಂದೇ. ‘ಏನೋ ಹಿಕ್ಮತ್ತು ಮಾಡಿ ಕೆಟ್ಟ ಮೋಟಾರು ಓಡುವ ಹಾಗೆ ಮಾಡಿದ’ ಎಂದರೆ ಮೆಚ್ಚುಗೆಯೇ. ಅಲ್ಲಿ ಮೋಸಹೋಗಲು ಯಾರೂ ಇಲ್ಲ, ಯಂತ್ರ ಮಾತ್ರ ಇದೆ. ಎದುರಿಗೆ ಮನುಷ್ಯ ಬಂದ ತಕ್ಷಣ ಅದೂ ಬಣ್ಣ ಬದಲಿಸುತ್ತದೆ. ಇದೇ ವಾಕ್ಯದಲ್ಲಿ ‘ಏನೋ ಹುನ್ನಾರ ಮಾಡಿ ಮೋಟಾರು ಓಡಿಸಿದ’ ಎನ್ನಲಾಗದು. ಹುನ್ನಾರ ಅಷ್ಟು ದೂರ ಹೋಗಿಬಿಟ್ಟಿದೆ.

ಈಚೆಗೆ ಹುನರ್ ಕನ್ನಡದ ಬಾಗಿಲಿಗೆ ಇನ್ನೊಮ್ಮೆ ಬಂದಿದೆ, ಈ ಸಲ ದೆಹಲಿಯಿಂದ ನೇರವಾಗಿ. ಕೇಂದ್ರದ ಪ್ರವಾಸೋದ್ಯಮ ಸಚಿವಾಲಯದ ತರಬೇತಿ ಯೋಜನೆಯ ಹೆಸರು ‘ಹುನರ್ ಸೇ ರೋಜ್‌ಗಾರ್ ತಕ್’, ಕೌಶಲದಿಂದ ಉದ್ಯೋಗದವರೆಗೆ. ಅಲ್ಪಸಂಖ್ಯಾತರ ವ್ಯವಹಾರಗಳ ಸಚಿವಾಲಯ 2016ರಲ್ಲಿ ಆರಂಭಿಸಿದ ಕರಕುಶಲ ಮೇಳ ‘ಹುನರ್ ಹಾಟ್’, ಕುಶಲಕರ್ಮಿಗಳ ಸಂತೆ. 2021ರ ಫೆಬ್ರವರಿಯಲ್ಲಿ ಅದು ಮೈಸೂರಿಗೂ ಬಂದಿತ್ತು. ಕನ್ನಡದಲ್ಲಿ ಇದನ್ನು ‘ಹುನ್ನಾರದ ಸಂತೆ’ ಎಂದು ಯಾರೂ ಅನುವಾದಿಸುವುದಿಲ್ಲ, ಪುಣ್ಯ. ‘ಹುನರ್’ ಎಂದೇ, ಒಂಟಿ ನಕಾರದಲ್ಲಿ, ವ್ಯಂಜನಾಂತ್ಯವಾಗಿಯೇ ಬರೆಯುತ್ತಾರೆ. ಬಿನ್ನಾಣದ ಪಕ್ಕದಲ್ಲಿ ವಿಜ್ಞಾನ ಬಂದು ಕೂತ ಹಾಗೆ, ಹುನ್ನಾರದ ಪಕ್ಕದಲ್ಲಿ ಹುನರ್. ಹಾಗಾಗಿ ‘ಹುನರ್ ಹಾಟ್ ಮುಂದೂಡುವ ಹುನ್ನಾರ’ ಎಂಬುದು ಈಗ ಕನ್ನಡದಲ್ಲಿ ಯಾವ ದೋಷವೂ ಇಲ್ಲದ ತಲೆಬರಹ.